ಮೊದಲು ಮೋರಿ, ಆಮೇಲೆ ಬಾವಿ

ಮಳೆಮೋರಿಯ ನೀರನ್ನು ನೆಲಕ್ಕೆ ಇಂಗಿಸೋಕೆ ಮೋರಿಯಲ್ಲೇ ಇಂಗುಬಾವಿ ತೋಡೋಣ ಅಂದೆ. "ಮೋರಿಯಲ್ಲಿ ಬಾವಿ ತೋಡ್ತೀರಾ? ಸೊಳ್ಳೆ ಸಾಕ್ತೀರಾ?" ಅಂತ ವಾರ್ಡ್ ಸಭೆಯಲ್ಲಿ ನಕ್ಕಿದ್ದರು. ಈಗ ಅವರೇ ಬಾವಿಗೆ ಇಳಿಸುವ ರಿಂಗಿನ ಅಳತೆ ಕೇಳಲು ಫೋನ್ ಮಾಡುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದ್ದು ನೆನಪಿದೆ ಅಲ್ವಾ? ನಮ್ಮ ಅಡ್ಡರಸ್ತೆಯಲ್ಲೂ ಮೊಣಕಾಲುದ್ದ ನೀರು. 2024ರ ಮಾರ್ಚಿಗೆ ಅದೇ ರಸ್ತೆಗೆ ಟ್ಯಾಂಕರ್. ಊರಿನ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಬತ್ತಿದ್ದವು. ಎರಡಕ್ಕೂ ಇಂಗುಬಾವಿಯೊಂದೇ ಮದ್ದು ಅಂತ ನನ್ನ ಹಟ.

2023ರಲ್ಲಿ ತೋಡಿದ ಮೊದಲ ಮೂರು ಇಂಗುಬಾವಿ ಪೂರ್ತಿ ದಂಡ. 3 ಅಡಿ ಅಗಲ, 20 ಅಡಿ ಆಳ, ಒಂದೊಂದಕ್ಕೆ 40 ಸಾವಿರದ ಹತ್ತಿರ. ಎರಡನೇ ಮಳೆಗೇ ಕಟ್ಟಿಕೊಂಡವು. ಮುಚ್ಚಳ ತೆಗೆದರೆ ಕರೀ ಹೂಳು, ಶಾಂಪೂ ಪ್ಯಾಕೆಟ್ಟು, ಒಂಟಿ ಚಪ್ಪಲಿ, ಕಕ್ಕಸಿನ ವಾಸನೆ. ಯಾರೋ ಒಳಚರಂಡಿ ಪೈಪನ್ನು ಮಳೆಮೋರಿಗೆ ತಿರುಗಿಸಿದ್ದರು. ಒಂದು ಬಾವಿಯ ದುಡ್ಡು ನನ್ನ ಜೇಬಿನದು. ಮನೆಯಲ್ಲಿ ಇವತ್ತಿಗೂ ಆ ಮಾತು ಬರುತ್ತದೆ.

ಬೇಸಿಗೆ ಮಧ್ಯಾಹ್ನ ಮೋರಿ ಉದ್ದಕ್ಕೂ ನಡೆದೆ. ಮಳೆಯಿಲ್ಲದಾಗ ಎಲ್ಲಿ ಒದ್ದೆಯೋ ಅಲ್ಲೆಲ್ಲ ಕಳ್ಳ ಕನೆಕ್ಷನ್. 11 ಸಿಕ್ಕವು. ಬಿಡಿಸಲು ಐದು ತಿಂಗಳು, ಜಗಳ ಬೇರೆ. ಹವಾಮಾನ ಬದಲಾವಣೆ ಎದುರಿಸಲು ನಗರ ಮಾಡಿದ ಕ್ರಿಯಾ ಯೋಜನೆ 2023ರ ನವೆಂಬರ್‌ನಲ್ಲೇ ಬಂದಿತ್ತು. ಬಾವಿಗೆಂದು ಕೊಟ್ಟ ಅರ್ಜಿ ಜೊತೆ ಅದರ ಪುಟ ಲಗತ್ತಿಸಿದ ಮೇಲೆ ಫೈಲು ಕದಲಿತು. ಬಿಲ್ಲು ಮಾತ್ರ ಸುಮಾರು ಒಂದು ವರ್ಷ ಕದಲಲಿಲ್ಲ.

ಈ ಸಲ ಬಾವಿ ತೋಡಿದ್ದು ಮೂರೇ ವಾರ, ಒಂಬತ್ತು ಬಾವಿ. ಪ್ರತಿಯೊಂದಕ್ಕೂ ಮುಂಚೆ ಹೂಳು ತಡೆಯುವ ಗುಂಡಿ. ತಳಕ್ಕೆ ಕಾಂಕ್ರೀಟ್ ಹಾಕಿಯೇ ಸಿದ್ಧ ಅಂತ ಗುತ್ತಿಗೆದಾರ ಕೂತಿದ್ದ, ನೀರು ಇಂಗೋದೆಲ್ಲಿ ಅಂತ ನಾನು ಬಿಡಲಿಲ್ಲ. ಎಂಟು ಜಾಗ ತೋರಿಸಿದ್ದು ಬಾವಿ ತೋಡುವುದೇ ಕುಲಕಸುಬಾದ ಮಣ್ಣು ವಡ್ಡರ ಹಿರಿಯರೊಬ್ಬರು. ಮಣ್ಣು ಹೇಗೆ ನೋಡುತ್ತಾರೆ ಅಂತ ಬರೆಯಲ್ಲ, ಅದು ಅವರ ಅನ್ನ. ಕೂಲಿ ಕೊಟ್ಟು ಕರೆಸಿ, ನೀವೇ ನೋಡಿ.

ನಡುವೆ ಇನ್ನೊಂದು ಹುಚ್ಚು. ಅಹಮದಾಬಾದಿನಲ್ಲಿ ಬಿಸಿಲಿಗೆಂದೇ 2013ರಿಂದ ಯೋಜನೆಯಿದೆ, ಬಡವರ ಮನೆ ಸೂರಿಗೆ ಬಿಳಿ ಬಳಿಯುತ್ತಾರೆ. ನಾವೂ ಅಂಗನವಾಡಿ ತಾರಸಿಗೆ ಸುಣ್ಣ ಹೊಡೆದೆವು. ಒಳಗೆ ಎರಡು ಮೂರು ಡಿಗ್ರಿ ಕಮ್ಮಿ. ಗೋಂದು ಸಾಲದೆ ಮೊದಲ ಮಳೆಗೇ ತೊಳೆದುಹೋಯ್ತು.

2024ರ ಅಕ್ಟೋಬರ್‌ನಲ್ಲಿ ಸುರಿಯಿತಲ್ಲ, ಅವತ್ತು ಕೊಡೆ ಹಿಡಿದು ರಸ್ತೆಯಲ್ಲೇ ನಿಂತಿದ್ದೆ. ಹಿಂದೆ ಅರ್ಧ ದಿನ ನಿಲ್ಲುತ್ತಿದ್ದ ನೀರು ಮುಕ್ಕಾಲು ಗಂಟೆಯಲ್ಲಿ ಖಾಲಿ. ಮರುಬೇಸಿಗೆಯಲ್ಲಿ ಬಡಾವಣೆಯ ಬೋರು ಒಂದು ಗಂಟೆಯ ಬದಲು ಮೂರು ಗಂಟೆ ಓಡಿತು.

ಮೂಲೆಮನೆ ಮುಂದಿನ ಬಾವಿ ಮಾತ್ರ ಇನ್ನೂ ನೀರು ಕುಡಿಯುತ್ತಿಲ್ಲ. 14 ಅಡಿಗೇ ಬಂಡೆ. ಆ ಜಾಗ ಆರಿಸಿದ್ದು ನಾನು.