ಮಳೆಮಾಪಕಕ್ಕೆ ಡ್ರಿಪ್ ಹಾಕಿ ಲೆಕ್ಕ ಸರಿಮಾಡಿದ್ದು: ನನ್ನ ಅನುಭವ

ಆಲಿಕೆಯಿಂದ ಬೀಳುವ ಮಳೆನೀರು ತುಂಬಿದಾಗಲೆಲ್ಲ ಮಗುಚುವ ಪುಟ್ಟ ಜೋಡಿ ಬಕೆಟ್ಟಿನಿಂದ ಮಳೆ ಎಣಿಸುವ ಟಿಪ್ಪಿಂಗ್ ಬಕೆಟ್ ಮಾಪಕವನ್ನು ಆಸ್ಪತ್ರೆಯ ಡ್ರಿಪ್ ಸೆಟ್ಟಿನಿಂದ ಪರೀಕ್ಷಿಸಬಹುದು ಅಂದಾಗ ಜೊತೆಯವರು ಒಪ್ಪಲಿಲ್ಲ. ಕಂಪನಿಯ ಕಿಟ್ ಇಲ್ಲದೆ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವುದು) ಆಗದು ಎಂಬುದೇ ಅವರ ವಾದ. ಮಂಡ್ಯ, ಪಾಂಡವಪುರ, ಮದ್ದೂರು ಕಡೆಯ ಮಾಪಕಗಳಲ್ಲಿ ಕೆಲವು ಮಳೆಗಾಲ ಇದನ್ನೇ ಮಾಡಿ, ಪಕ್ಕದ ಸಾದಾ ಬಾಟಲಿ ಮಾಪಕದ (ಮಳೆನೀರನ್ನು ಬಾಟಲಿಯಲ್ಲಿ ಕೂಡಿಟ್ಟು ಕೈಯಿಂದ ಅಳೆಯುವಂಥದ್ದು) ಬೆಳಿಗ್ಗೆ 8.30ರ ಅಳತೆಯೊಂದಿಗೆ ತಾಳೆ ಹಾಕಿ ತೋರಿಸಿದೆ. ಈಗ ಅವರೂ ಸೆಟ್ ಕೊಂಡಿಟ್ಟುಕೊಂಡಿದ್ದಾರೆ. ಮೂವತ್ತು ವರ್ಷ ದಾಟಿದ ಸರ್ಕಾರಿ ಸೇವೆಯಲ್ಲಿ ಇಷ್ಟು ಕಮ್ಮಿ ಖರ್ಚಿಗೆ ಇಷ್ಟು ಫಲ ಕೊಟ್ಟ ಕೆಲಸ ನನಗೆ ಬೇರೆ ಸಿಕ್ಕಿಲ್ಲ.

ಲೆಕ್ಕ ಸರಳ. ಬಕೆಟ್ ಒಮ್ಮೆ ಮಗುಚಿದರೆ ಒಂದು ಟಿಪ್. ಮಾಪಕದ ಬಾಯಿ 200 ಚದರ ಸೆಂ.ಮೀ., ಬಕೆಟ್ 0.5 ಮಿ.ಮೀ. ಮಳೆಗೊಮ್ಮೆ ಮಗುಚುವಂಥದ್ದಾದರೆ ಒಂದು ಟಿಪ್‌ಗೆ 10 ಮಿ.ಲೀ. ನೀರು. 500 ಮಿ.ಲೀ. ಹರಿಸಿದರೆ 25 ಮಿ.ಮೀ. ಮಳೆ, 50 ಟಿಪ್. 0.2ರ ಬಕೆಟ್ ಇದ್ದರೆ 125.

ಮೊದಲು ಬ್ಯೂರೆಟ್ (ಅಳತೆ ಗೀಟುಗಳ ಗಾಜಿನ ನಳಿಗೆ) ಹಿಡಿದು ನೋಡಿದ್ದಾಯಿತು. ನೀರು ಇಳಿದಂತೆ ಹರಿವು ನಿಧಾನವಾಗುತ್ತದೆ, ಜೀಪಿನಲ್ಲಿ ಒಯ್ದರೆ ಗಾಜು ಉಳಿಯುವುದಿಲ್ಲ. ಆಮೇಲೆ ಮೆತ್ತನೆಯ ಪ್ಲಾಸ್ಟಿಕ್ ಸಲೈನ್ ಬಾಟಲಿ. ಅದು ಕುಗ್ಗುತ್ತಾ ಹೋಗಿ ಕೊನೆಯ ಅರ್ಧ ತೊಟ್ಟಿಕ್ಕುವುದೇ ಕಷ್ಟ. ಕೈಗೂಡಿದ್ದು ರಬ್ಬರ್ ಬಿರಡೆಯ ಗಟ್ಟಿ ಬಾಟಲಿ ಮತ್ತು ಗಾಳಿ ಹೋಗಲು ಕಿಂಡಿ ಇರುವ ಸೆಟ್. ತಲೆಕೆಳಗಾಗಿ ನೇತುಹಾಕಿದಾಗ ಗಾಳಿ ಬಿರಡೆಯ ಮಟ್ಟದಲ್ಲಿ ಒಳಹೋಗುವುದರಿಂದ, ನೀರು ಎಷ್ಟೇ ಇಳಿದರೂ ಒತ್ತಡ ಅಷ್ಟೇ ಇರುತ್ತದೆ, ಹರಿವೂ ಒಂದೇ ಸಮ. ಸಲೈನ್ ಚೆಲ್ಲಿ, ತೊಳೆದು, ಸೋಸಿದ ಸಿಹಿನೀರು ತುಂಬಿ. ಉಪ್ಪುನೀರು ಬಕೆಟ್ಟಿನಲ್ಲಿ ಒಣಗಿದರೆ ಬಿಳಿ ಪದರ ಕಟ್ಟಿ ತೂಕವೇ ಕೆಡುತ್ತದೆ. ಸೆಟ್ಟು, ಬಾಟಲಿ, ಕಟ್ಟುವ ತಂತಿ ಎಲ್ಲ ಸೇರಿ ನೂರು ರೂಪಾಯಿ ಆಸುಪಾಸು ಆಗಿತ್ತು. ಕಿಟ್ಟಿಗೆ ಕೇಳುತ್ತಿದ್ದದ್ದು ಹತ್ತಾರು ಸಾವಿರ. ಬಳಸಿದ ಸೆಟ್ ಬೇಡವೇ ಬೇಡ, ಮೆಡಿಕಲ್ ಶಾಪಿನಿಂದ ಹೊಸದೇ ತನ್ನಿ.

ಶುರುಮಾಡುವ ಮೊದಲು ಮಳೆಯ ಅಂಕಿ ಹೋಗಿ ಸೇರುವ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಲಾಗರಿನ (ಟಿಪ್ ದಾಖಲಿಸುವ ಪೆಟ್ಟಿಗೆ) ಕೇಬಲ್ ಬಿಚ್ಚಿ. ಇಲ್ಲದಿದ್ದರೆ ಬಿಸಿಲಿನಲ್ಲಿ 25 ಮಿ.ಮೀ. ಮಳೆ ದಾಖಲಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಈ ಅಂಕಿಗಳ ಮೇಲೇ ನಿಂತಿರುವಾಗ ಇದು ಸಣ್ಣ ವಿಷಯವಲ್ಲ. ರಸಮಟ್ಟದ ಗುಳ್ಳೆ ನಡುವಿಗೆ ತಂದು, ಆಲಿಕೆ ಒದ್ದೆಮಾಡಿ, ಬಾಟಲಿ ಸುಮಾರು ಒಂದು ಗಂಟೆಯಲ್ಲಿ ಖಾಲಿಯಾಗುವಂತೆ ಡ್ರಿಪ್ ಸೆಟ್ಟಿನ ಚಕ್ರ ತಿರುಗಿಸಿ. ಟಿಪ್ ಸದ್ದನ್ನು ಕೈಕೌಂಟರಿನಲ್ಲಿ ಎಣಿಸಿ. ಕೆಳಗೆ ಬಿದ್ದ ನೀರನ್ನು ಹಿಡಿದು ಅಳತೆ ಗ್ಲಾಸಿಗೆ ಹಾಕಿ, ಟಿಪ್ ಲೆಕ್ಕವನ್ನು ಅದಕ್ಕೇ ಹೋಲಿಸಿ. ಕೊಳವೆಯಲ್ಲಿ ಉಳಿದ ನೀರಿನ ಗೊಂದಲ ತಪ್ಪುತ್ತದೆ. 0.5ರ ಬಕೆಟ್ಟಿನಲ್ಲಿ 500 ಮಿ.ಲೀ.ಗೆ 48ರಿಂದ 52 ಬಂದರೆ ಸ್ಕ್ರೂ ಮುಟ್ಟಬೇಡಿ. ಕಮ್ಮಿ ಬಂದರೆ ಬಕೆಟ್ ಕೆಳಗಿನ ಎರಡೂ ಸ್ಕ್ರೂ ಸಮನಾಗಿ ಮೇಲೆತ್ತಿ, ಹೆಚ್ಚಾದರೆ ಇಳಿಸಿ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ಬೇಡ. ಟಿಪ್‌ಗಳ ನಡುವಿನ ಹೊತ್ತು ಒಂದು ಉದ್ದ, ಒಂದು ಗಿಡ್ಡ ಹೀಗೆ ಬರುತ್ತಿದ್ದರೆ ಒಂದು ಬದಿಯ ಸ್ಕ್ರೂ ಮಾತ್ರ ತಪ್ಪಿದೆ, ಇಲ್ಲವೇ ಕಂಬ ವಾಲಿದೆ.

ಹರಿವು ಜೋರು ಮಾಡಿ ಬೇಗ ಮುಗಿಸೋಣ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಬಕೆಟ್ ಮಗುಚುವ ಕ್ಷಣದಲ್ಲಿ ಬಿದ್ದ ನೀರು ಆಗಲೇ ತುಂಬಿದ ಬದಿಗೇ ಹೋಗಿ ಲೆಕ್ಕ ತಪ್ಪುತ್ತದೆ. ಜಡಿಮಳೆಯಲ್ಲಿ ಮಾಪಕ ಕಮ್ಮಿ ತೋರಿಸುವುದೂ ಇದಕ್ಕೇ, 0.2ರ ಬಕೆಟ್ಟಿನಲ್ಲಿ ಇನ್ನೂ ಹೆಚ್ಚು. ಆ ಹರಿವಿಗೆ ಸ್ಕ್ರೂ ಕೂರಿಸಿದರೆ ಸೋನೆಮಳೆಯ ಲೆಕ್ಕವೆಲ್ಲ ಉಬ್ಬುತ್ತದೆ.

ಕೈಲೆಕ್ಕ ಸರಿಯಿದ್ದು, ಕೇಬಲ್ ಮತ್ತೆ ಜೋಡಿಸಿದ ಮೇಲೆ ಮಳೆ ಬಂದಾಗ ಲಾಗರ್ ಮಾತ್ರ ಹೆಚ್ಚು ತೋರಿಸಿದರೆ ದೋಷ ಸಾಮಾನ್ಯವಾಗಿ ರೀಡ್ ಸ್ವಿಚ್ಚಿನದು (ಬಕೆಟ್ ಮಗುಚಿದಾಗ ಆಯಸ್ಕಾಂತದಿಂದ ಕೂಡಿ ಬಡಿತ ಕಳಿಸುವ ಸ್ವಿಚ್ಚು), ಒಂದು ಟಿಪ್‌ಗೆ ಎರಡು ಬಡಿತ ಕಳಿಸುತ್ತಿದೆ. ಅದನ್ನು ಬದಲಿಸಿಬಿಡಿ.

ನಮ್ಮ ಜಿಲ್ಲೆಯ ದೊಡ್ಡ ಕಾಟ ಆಲೆಮನೆ ಬೂದಿ ಮತ್ತು ಸುಟ್ಟ ಕಬ್ಬಿನ ತರಗು. ಇಬ್ಬನಿಗೆ ಅಂಟಾಗಿ ಆಲಿಕೆಯ ಕಂಠದಲ್ಲಿ ಕೂರುತ್ತದೆ. ಇದನ್ನು ಕಚೇರಿಯಲ್ಲಿ ಕೂತೇ ಹಿಡಿಯಬಹುದು: ಊರಲ್ಲಿ ಮಳೆ ನಿಂತಿದ್ದರೂ 15 ನಿಮಿಷದ ಅಂಕಿಯಲ್ಲಿ 0.5, 0.5 ಎಂದು ಗಂಟೆಗಟ್ಟಲೆ ಒಂದೇ ಸಮ ಬರುತ್ತಿದ್ದರೆ ಆಲಿಕೆ ಕಟ್ಟಿದೆ. ದಿನದ ಮೊತ್ತ ಸರಿಯೇ ಇರುತ್ತದೆ, ಮಳೆಯ ರಭಸದ ಲೆಕ್ಕ ಹಾಳು. ತುಂಬಿ ಹೊರಚೆಲ್ಲಿದರೆ ಮೊತ್ತವೂ ಹೋಯಿತು. ಸೊಳ್ಳೆಪರದೆ ಬಟ್ಟೆ ಕಟ್ಟಿ ನೋಡಿದೆ, ಪ್ರಯೋಜನವಿಲ್ಲ. ಆ ಬಟ್ಟೆಯೇ ನೀರು ಹಿಡಿದುಕೊಳ್ಳುತ್ತದೆ. ದಪ್ಪ ಕಣ್ಣಿನ ಸ್ಟೀಲ್ ಜಾಲರಿಯೇ ಮೇಲು, ಆಲೆಮನೆ ಉರಿಯುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ತೊಳೆಯಬೇಕು. ಕಣಜ ಗೂಡು ಕಟ್ಟದಂತೆ ಒಳಗೆ ಸವರುವುದೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಇದರ ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಕಬ್ಬಿನ ಅಂಚಿಗೆ ಒಂದು, ಬಯಲಿಗೆ ಒಂದು ಬಾಟಲಿ ಮಾಪಕ. ಹತ್ತಡಿ ಬೆಳೆದ ಕಬ್ಬಿಗೆ ಒತ್ತಿಕೊಂಡಿದ್ದದ್ದು ಮುಂಗಾರಿನ ಗಾಳಿಮಳೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಮ್ಮಿ ಹಿಡಿಯಿತು; ಗಾಳಿಯಿಲ್ಲದ ಹಿಂಗಾರಿನ ರಾತ್ರಿಮಳೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಡ್ಡಿಯ ಎತ್ತರದ ಎರಡರಷ್ಟು ದೂರ ಬಿಡಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಮಾಪಕ ನೆಟ್ಟ ದಿನ ಅಲ್ಲಿ ಕೂಳೆ ಇತ್ತು, ಆರು ತಿಂಗಳಿಗೆ ಗೋಡೆಯಾಯಿತು, ಅದನ್ನು ಯಾರೂ ನೋಡುವುದಿಲ್ಲ. ನಾಟಿ, ಕಟಾವಿನ ತಾರೀಖನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ಕಟಾವಾದ ಮೇಲೆ ಅಂಕಿ ಏರಿದರೆ ಸ್ಕ್ರೂಗೆ ಕೈಹಾಕದೆ ಮೊದಲು ಆ ಪುಟ ತೆಗೆದು ನೋಡಿ.