ಟೈಗರ್ ಕಮಾಂಡ್ ಟ್ಯಾಂಕ್: 1/35 ಮಾದರಿಯಲ್ಲಿ ತಪ್ಪುವ ಎರಡು ಕಡೆ

ಜರ್ಮನರ ಟೈಗರ್ 1 ಕಮಾಂಡ್ ಟ್ಯಾಂಕಿನಲ್ಲಿ, ಅಂದರೆ ಪಡೆಯ ನಾಯಕನ ಟ್ಯಾಂಕಿನಲ್ಲಿ, ಹೆಚ್ಚುವರಿ ರೇಡಿಯೋ ಇತ್ತು, ಫಿರಂಗಿ ಪಕ್ಕದ ಮಷಿನ್‌ಗನ್ ಇರಲಿಲ್ಲ. 1/35ರ (ನಿಜದ 35ನೇ ಒಂದು ಭಾಗದಷ್ಟಿರುವ) ಪ್ಲಾಸ್ಟಿಕ್ ಮಾದರಿಯಲ್ಲಿ ಆ ಮಷಿನ್‌ಗನ್ನಿನ ತೂತಿಗೆ ಪುಟ್ಟಿ ತುಂಬಿ, ರಾತ್ರಿಯಿಡೀ ಒಣಗಿಸಿ, 600 ನಂಬರಿನ ವಾಟರ್ ಪೇಪರಿನಲ್ಲಿ (ನಯವಾದ ಮರಳು ಕಾಗದ) ಉಜ್ಜಿ. ಎದುರಿನಿಂದ ನೋಡಿದರೆ ಅದು ಫಿರಂಗಿಯ ಎಡಕ್ಕಿದೆ. ಬಲಗಡೆಯದು ಗುರಿ ನೋಡುವ ದುರ್ಬೀನಿನದು. ಅವಸರದಲ್ಲಿ ಅದನ್ನೇ ಮುಚ್ಚಿಬಿಡುವವರು ಕಡಿಮೆಯಿಲ್ಲ!

ಇನ್ನು ಆಂಟೆನಾ. ಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ, ಜ್ವಾಲೆಗೆ ತಾಗಿಸದೆ, ತಿರುಗಿಸುತ್ತಾ ಕಾಯಿಸಿ. ಮೆತ್ತಗಾಗಿ ಜೋತುಬಿದ್ದಾಗ ಬೆಂಕಿಯ ಮೇಲಿನಿಂದ ಸರಿಸಿ ಸಮನಾಗಿ ಎಳೆಯಿರಿ. ಬೆಂಕಿಯ ಮೇಲೆಯೇ ಎಳೆದರೆ ಪಟ್ಟನೆ ತುಂಡಾಗುತ್ತದೆ. ನಿಜ ಟ್ಯಾಂಕಿನ 2 ಮೀಟರ್ ಆಂಟೆನಾಗೆ ಮಾದರಿಯಲ್ಲಿ 57 ಮಿ.ಮೀ. ಸಾಕು. ಹಿಂಬದಿಯ ನಕ್ಷತ್ರ ಆಂಟೆನಾದ (ತುದಿಯಲ್ಲಿ ನಕ್ಷತ್ರದಂತೆ ಎಳೆಗಳು ಚಾಚಿರುವುದು) ಎಳೆಗಳಿಗೆ ಪ್ಲಾಸ್ಟಿಕ್ ಸಿಮೆಂಟ್ ಬೇಡ, ಕರಗಿ ಬಾಗುತ್ತವೆ. ಸೂಜಿಮೊನೆಯಲ್ಲಿ ಸೂಪರ್ ಗ್ಲೂ ಮುಟ್ಟಿಸಿ. ಬಣ್ಣವೆಲ್ಲ ಮುಗಿದ ಮೇಲೆಯೇ ಆಂಟೆನಾ ಕೂರಿಸಿ.