ಬಸುರಿಯ ಊಟ ಮತ್ತು ಮೊಮ್ಮಕ್ಕಳ ಆರೋಗ್ಯ

1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಪಶ್ಚಿಮ ನೆದರ್ಲೆಂಡ್ಸ್‌ನಲ್ಲಿ ದಿನದ ಪಡಿತರ 1000 ಕ್ಯಾಲರಿಗಿಂತಲೂ ಕೆಳಗಿಳಿದಿತ್ತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ದಶಕಗಳ ನಂತರ ಪರೀಕ್ಷಿಸಿದಾಗ, ಅವರಲ್ಲಿ ರಕ್ತದ ಸಕ್ಕರೆಯ ತೊಂದರೆ ಹೆಚ್ಚಾಗಿರುವುದೂ, ಗರ್ಭದ ಮೊದಲ ತಿಂಗಳುಗಳಲ್ಲೇ ಹಸಿವಿಗೆ ಸಿಕ್ಕವರಲ್ಲಿ ಹೃದ್ರೋಗ ಹೆಚ್ಚಾಗಿರುವುದೂ ಕಂಡುಬಂತು. ಹೆಣ್ಣು ಶಿಶುವಿನ ಅಂಡಾಣುಗಳು ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಳ್ಳುವುದರಿಂದ, ಬಸುರಿಯ ಊಟದ ಕೊರತೆ ಮೂರನೆಯ ತಲೆಮಾರನ್ನೂ ಮುಟ್ಟಬಲ್ಲದು.

ಆದ್ದರಿಂದ ಆರೈಕೆಯನ್ನು ಹದಿಹರೆಯದಲ್ಲಿಯೇ ಆರಂಭಿಸಬೇಕು. ಗರ್ಭ ಧರಿಸುವ ಮುನ್ನವೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆಯನ್ನು ಸೇವಿಸತೊಡಗಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ಅರ್ಥ. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ತಪ್ಪಬಾರದು. ಅದನ್ನು ಕಾಫಿ, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಿದರೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ನಡುವೆ ಎರಡು ಗಂಟೆಯಾದರೂ ಬಿಡಿ. ಮುದ್ದೆಯ ಜೊತೆಗಿನ ಸೊಪ್ಪಿನ ಸಾರಿಗೆ ಬಡಿಸಿದ ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಬೇಳೆಕಾಳು, ಹಾಲು, ರೂಢಿಯಿದ್ದವರಿಗೆ ಮೊಟ್ಟೆ ನಿತ್ಯವೂ ಇರಲಿ. ಅಂಗನವಾಡಿಯ ಊಟವನ್ನು ಸಂಕೋಚವಿಲ್ಲದೆ ಪಡೆಯಿರಿ.

ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಯ ಊಟವನ್ನು ಕಡಿಮೆ ಮಾಡುವುದು, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಅವಳಿಗೆ ಬಡಿಸುವುದು, ಇವೆರಡನ್ನೂ ಅತ್ತೆಯಂದಿರೇ ಮುಂದೆ ನಿಂತು ತಪ್ಪಿಸಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ. ಅದು ಬೆಳೆದು ದೊಡ್ಡದಾದ ಮೇಲೆ ರಕ್ತದೊತ್ತಡ, ಸಕ್ಕರೆಗಳ ತಪಾಸಣೆಯನ್ನು ಮರೆಯಬೇಡಿ.